ಪೆಡಲ್ ಕಯಾಕ್ ಕೆಡುವುದು ನೀರಿನಲ್ಲಲ್ಲ, ಮನೆಯಲ್ಲಿ

ಹುಟ್ಟು ಹಾಕುವ ಕೆಲಸವನ್ನು ಕಾಲಿಗೆ ಒಪ್ಪಿಸಿದ ಕಯಾಕ್‌ಗಳೆಂದರೆ ಅಮೆರಿಕದ ಗಾಳಗಾರರಿಗೆ ಬಲು ಮೆಚ್ಚು. ಕೈಗಳೆರಡೂ ಗಾಳಕ್ಕೆ ಬಿಡುವಾಗುತ್ತವೆ. 1997ರಲ್ಲಿ ಕ್ಯಾಲಿಫೋರ್ನಿಯಾದ ಹೋಬಿ ಕಂಪನಿ ತಂದ ಮಿರಾಜ್‌ಡ್ರೈವ್‌ನಲ್ಲಿ ಪೆಡಲ್ ತುಳಿದರೆ ದೋಣಿಯಡಿ ಎರಡು ರೆಕ್ಕೆಗಳು ಅತ್ತಿತ್ತ ಬೀಸುತ್ತವೆ. ನೇಟಿವ್ ವಾಟರ್‌ಕ್ರಾಫ್ಟ್, ಓಲ್ಡ್ ಟೌನ್ ಮೊದಲಾದವರು ಆಮೇಲೆ ತಂದದ್ದು ಗುಂಡಗೆ ಸುತ್ತುವ ಪೆಡಲ್, ಗೇರ್‌ಬಾಕ್ಸ್ ಮತ್ತು ಪ್ರೊಪೆಲ್ಲರ್ ಇರುವ ಇನ್ನೊಂದು ಬಗೆ. ಈ ಯಂತ್ರಗಳ ಆರೈಕೆಯ ಬಗ್ಗೆ ಬಾಯಿಂದ ಬಾಯಿಗೆ ಹರಡಿರುವ ನಂಬಿಕೆಗಳಲ್ಲಿ ಕೆಲವು ಯಂತ್ರವನ್ನೇ ಕೊಲ್ಲುವಂಥವು.

ತಪ್ಪು ಕಲ್ಪನೆ: ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹಿಡಿಯುವುದಿಲ್ಲ, ತೊಳೆಯದಿದ್ದರೂ ನಡೆಯುತ್ತದೆ.

ಸತ್ಯ: ಹಿಡಿಯುತ್ತದೆ, ಅದೂ ಕಣ್ಣಿಗೆ ಕಾಣದ ಜಾಗದಲ್ಲಿ. ಈ ಉಕ್ಕನ್ನು ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡ್‌ನ ತೀರಾ ತೆಳುವಾದ ಪದರ. ಗೀರು ಬಿದ್ದರೆ ಗಾಳಿಯ ಆಮ್ಲಜನಕದಿಂದ ಅದು ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಆದರೆ ಸ್ಕ್ರೂವಿನ ತಲೆಯಡಿ, ಬುಷ್‌ನ ಒಳಗೆ, ರೆಕ್ಕೆಯ ಕಂಬ ಕೂತಿರುವ ಸಂದಿನಲ್ಲಿ ನೀರು ನಿಂತರೆ ಅಲ್ಲಿ ಆಮ್ಲಜನಕ ಮುಗಿಯುತ್ತದೆ, ಉಪ್ಪಿನ ಕ್ಲೋರೈಡ್ ಶೇಖರವಾಗುತ್ತದೆ, ಲೋಹದಲ್ಲಿ ಗುಳಿ ಬೀಳುತ್ತದೆ. ಮಾಲಿಬ್ಡಿನಂ ಬೆರೆತ 316 ದರ್ಜೆಯ ಉಕ್ಕು ಹೆಚ್ಚು ತಾಳುತ್ತದೆ, ಆದರೆ ಅದೂ ಅಜೇಯವಲ್ಲ. ಸ್ಟೀಲ್ ಸ್ಕ್ರೂ ಅಲ್ಯೂಮಿನಿಯಂ ಭಾಗದೊಳಗೆ ಕೂತಿದ್ದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಕೊನೆಗೆ ಸ್ಕ್ರೂ ಬಿಚ್ಚಲು ಬರುವುದೇ ಇಲ್ಲ.

ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಫ್ಲಾರಿಡಾದ ಕಾಂಡ್ಲಾ ಕಾಡಿನ ಹಿನ್ನೀರಿರಲಿ, ನಮ್ಮ ಕರಾವಳಿಯ ಅಳಿವೆಗಳಿರಲಿ, ಅರೆಉಪ್ಪು ನೀರೂ ಸಾಕಷ್ಟು ಲವಣ ಬಿಟ್ಟೇ ಹೋಗುತ್ತದೆ. ದಡಕ್ಕೆ ಬಂದ ದಿನವೇ ಡ್ರೈವನ್ನು, ಅಂದರೆ ಪೆಡಲ್ ಯಂತ್ರವನ್ನು, ದೋಣಿಯಿಂದ ಹೊರತೆಗೆದು, ಪೆಡಲ್ ಆಡಿಸುತ್ತಾ ಸಿಹಿನೀರು ಹಾಯಿಸಿ, ನೆರಳಿನಲ್ಲಿ ಒಣಗಿಸಿದರೆ ಅರ್ಧ ಆರೈಕೆ ಮುಗಿದಂತೆ.

ತಪ್ಪು ಕಲ್ಪನೆ: ನೀರನ್ನು ಜೋರಾಗಿ ಹೊಡೆದಷ್ಟೂ ಚೊಕ್ಕಟ.

ಸತ್ಯ: ಕಾರು ತೊಳೆಯುವ ಪ್ರೆಷರ್ ವಾಷರ್‌ನ ರಭಸ ರಬ್ಬರ್ ಸೀಲ್ ದಾಟಿ ನೀರನ್ನೂ ಮರಳನ್ನೂ ಬೇರಿಂಗ್‌ನೊಳಗೆ ತಳ್ಳುತ್ತದೆ. ತೋಟದ ಪೈಪಿನ ಮೆಲ್ಲನೆಯ ಧಾರೆ ಸಾಕು.

ತಪ್ಪು ಕಲ್ಪನೆ: ಗ್ರೀಸ್ ಮೆತ್ತಿದಷ್ಟೂ ಒಳ್ಳೆಯದು.

ಸತ್ಯ: ತೆರೆದ ಚೈನಿಗೆ ಗ್ರೀಸ್ ಬಳಿದು ಸೈಕಲ್ಲನ್ನು ಧೂಳಿನ ದಾರಿಯಲ್ಲಿ ಓಡಿಸಿದವರಿಗೆ ಇದು ಗೊತ್ತು. ಅಂಟಿದ ಮರಳು ಉಪ್ಪುಕಾಗದದ ಕೆಲಸ ಮಾಡುತ್ತದೆ. ಹೊರಗೆ ತೆರೆದುಕೊಂಡ ಚೈನು, ಕೇಬಲ್‌ಗಳಿಗೆ ಒಣಗಿ ನಿಲ್ಲುವ ತೆಳು ಲೂಬ್ರಿಕೆಂಟ್ ಸಾಕು. ಮುಚ್ಚಿದ ಗೇರ್‌ಬಾಕ್ಸ್‌ನ ಮಾತು ಬೇರೆ, ಅಲ್ಲಿಗೆ ಕೈಪಿಡಿ ಹೇಳಿದ ಎಣ್ಣೆ ಅಥವಾ ಗ್ರೀಸೇ ಬೇಕು. 1953ರಲ್ಲಿ ನೀರನ್ನು ಹೊರದಬ್ಬಲೆಂದೇ ತಯಾರಾದ ಡಬ್ಲ್ಯೂಡಿ-40 ಎಲ್ಲರ ಕೈಗೆ ಮೊದಲು ಸಿಗುವ ಡಬ್ಬಿ. ತೇವ ಓಡಿಸಲು ಅದು ಚೆನ್ನ, ಆದರೆ ಗೇರಿನ ಹಲ್ಲುಗಳ ನಡುವೆ ಬಹುಕಾಲ ನಿಲ್ಲುವ ಶಕ್ತಿ ಅದಕ್ಕಿಲ್ಲ.

ತಪ್ಪು ಕಲ್ಪನೆ: ಸೀಲ್ ಮಾಡಿದ ಗೇರ್‌ಬಾಕ್ಸನ್ನು ನೋಡುವ ಅಗತ್ಯವೇ ಇಲ್ಲ.

ಸತ್ಯ: ಗಾಳದ ನೂಲು ಪ್ರೊಪೆಲ್ಲರ್‌ನ ಹಿಂದೆ ಶಾಫ್ಟಿಗೆ ಸುತ್ತಿಕೊಂಡು ಸೀಲನ್ನು ಕೊಯ್ಯುತ್ತದೆ. ಮೀನು ಹಿಡಿಯುವ ದೋಣಿಯಲ್ಲಿ ಇದು ಅಪರೂಪವಲ್ಲ. ಆಗಾಗ ಪ್ರೊಪೆಲ್ಲರ್ ಬಿಚ್ಚಿ ನೋಡಬೇಕು. ಎಣ್ಣೆ ಬದಲಿಸುವಾಗ ಅದು ಬೆಳ್ಳಗೆ ಕದಡಿದ್ದರೆ ನೀರು ಒಳಸೇರಿದೆ ಎಂದೇ ಅರ್ಥ. ಬರೀ ಎಣ್ಣೆ ಬದಲಿಸಿದರೆ ಸಾಲದು, ಸೀಲನ್ನೂ ಬದಲಿಸಬೇಕು.

ತಪ್ಪು ಕಲ್ಪನೆ: ಪದೇ ಪದೇ ಮುರಿಯುವ ಶಿಯರ್ ಪಿನ್ ಬದಲು ಗಟ್ಟಿ ಬೋಲ್ಟ್ ಹಾಕಿದರೆ ತೊಂದರೆ ತಪ್ಪುತ್ತದೆ.

ಸತ್ಯ: ಆ ಪಿನ್ ಇರುವುದೇ ಮುರಿಯುವುದಕ್ಕೆ. ಪ್ರೊಪೆಲ್ಲರ್ ಬಂಡೆಗೋ ಮರದ ಬೊಡ್ಡೆಗೋ ಬಡಿದಾಗ ಪಿನ್ ಮುರಿದು ಗೇರಿನ ಹಲ್ಲು ಉಳಿಯುತ್ತದೆ. ಬೋಲ್ಟ್ ಹಾಕಿದರೆ ಪೆಟ್ಟು ನೇರ ಗೇರಿಗೇ ಬೀಳುತ್ತದೆ. ಇಂಥ ಪಿನ್ ಇರುವ ಡ್ರೈವ್ ನಿಮ್ಮದಾದರೆ ಅದೇ ಅಳತೆಯ ಬಿಡಿ ಪಿನ್‌ಗಳನ್ನೂ ಅದನ್ನು ಬಿಚ್ಚುವ ಸ್ಪ್ಯಾನರನ್ನೂ ದೋಣಿಯಲ್ಲೇ ಇಡಿ. ಯಾವ ಬಗೆಯ ಡ್ರೈವ್ ಆಗಿದ್ದರೂ ಒಂದು ಹುಟ್ಟು ಜೊತೆಗಿರಲಿ. ಯಂತ್ರ ನಡುನೀರಿನಲ್ಲಿ ನಿಂತರೆ ದಡ ಮುಟ್ಟಿಸುವುದು ಅದೇ.