ಒಂದೇ ದೇಹದಲ್ಲಿ ಐದು ಮೆಕ್ಸಿಕೊ: ಹೊಸೆ ಲಿಮೋನ್ ನೃತ್ಯದ ಪರಿ

ಏಕವ್ಯಕ್ತಿ ಸಮಕಾಲೀನ ನೃತ್ಯ ನೋಡಿ ಹೊರಬರುವ ಪ್ರೇಕ್ಷಕರನ್ನು ಸಾಮಾನ್ಯವಾಗಿ ಕಾಡುವ ಪ್ರಶ್ನೆ, ಇದರ ಅರ್ಥವೇನು ಎಂಬುದು. ಅಲ್ಲಿ ಹಾಡಿನ ಸಾಹಿತ್ಯವಿರುವುದಿಲ್ಲ. ಹಸ್ತಮುದ್ರೆಗಳಾಗಲಿ, ಪರಿಚಿತ ಪುರಾಣ ಕಥೆಯಾಗಲಿ ನೆರವಿಗೆ ಬರುವುದಿಲ್ಲ. ಮೆಕ್ಸಿಕೊ ಮೂಲದ ನೃತ್ಯ ಸಂಯೋಜಕ ಹೊಸೆ ಲಿಮೋನ್ ಅವರ ಪ್ರಯೋಗಗಳಲ್ಲಿ ಈ ಪ್ರಶ್ನೆಗೆ ಉತ್ತರವಿದೆ.

ಲಿಮೋನ್ 1908ರಲ್ಲಿ ಕುಲಿಯಾಕಾನ್ ನಗರದಲ್ಲಿ ಜನಿಸಿದರು. ಮೆಕ್ಸಿಕೊದ ಕ್ರಾಂತಿಯ ಕೋಲಾಹಲದ ನಡುವೆ, 1915ರಲ್ಲಿ ಅವರ ಕುಟುಂಬ ಅಮೆರಿಕಕ್ಕೆ ವಲಸೆ ಹೋಯಿತು. ಚಿತ್ರಕಲೆ ಕಲಿಯಲು ನ್ಯೂಯಾರ್ಕ್ ಸೇರಿದ್ದ ಅವರು, ಜರ್ಮನಿಯ ಹರಾಲ್ಡ್ ಕ್ರಾಯ್ಟ್ಸ್‌ಬರ್ಗ್ ಅವರ ನೃತ್ಯ ನೋಡಿ ಕುಂಚ ಕೆಳಗಿಟ್ಟರು. ಬಳಿಕ ಡೋರಿಸ್ ಹಂಫ್ರಿ ಮತ್ತು ಚಾರ್ಲ್ಸ್ ವೈಡ್‌ಮನ್ ಅವರ ಶಿಷ್ಯರಾದರು.

ಬೀಳುವುದು ಮತ್ತು ಬಿದ್ದು ಚೇತರಿಸಿಕೊಳ್ಳುವುದು, ಇದೇ ಹಂಫ್ರಿ ಪದ್ಧತಿಯ ಮೂಲಸೂತ್ರ. ಶಾಸ್ತ್ರೀಯ ಬ್ಯಾಲೆಯು ದೇಹದ ಭಾರವನ್ನು ಮರೆಮಾಚಲು ಯತ್ನಿಸಿದರೆ, ಈ ಪದ್ಧತಿ ಭಾರವನ್ನೇ ಭಾಷೆಯಾಗಿಸಿಕೊಳ್ಳುತ್ತದೆ. ನೆಲದತ್ತ ವಾಲುವ ದೇಹ ಸಮತೋಲ ಕಳೆದುಕೊಳ್ಳುವ ಕ್ಷಣವೇ ಇಲ್ಲಿ ನಾಟಕ. ಉಸಿರಿನ ಏರಿಳಿತವೇ ಅದರ ತಾಳ.

1939ರಲ್ಲಿ ಲಿಮೋನ್ ರಚಿಸಿದ 'ದಾನ್ಸಾಸ್ ಮೆಹಿಕಾನಾಸ್' ಐದು ಏಕವ್ಯಕ್ತಿ ನೃತ್ಯಗಳ ಮಾಲೆ. ಮೂಲನಿವಾಸಿ, ದಂಡೆತ್ತಿ ಬಂದ ಸ್ಪೇನಿನ ಯೋಧ, ಬಡ ಕೃಷಿಕೂಲಿ, ಸಿರಿವಂತ ಕುಲೀನ, ಕೊನೆಗೆ ಕ್ರಾಂತಿಕಾರಿ, ಹೀಗೆ ಐದೂ ಪಾತ್ರಗಳಿಗೆ ಒಬ್ಬನೇ ನರ್ತಕ. ತುಳಿದವನೂ ತುಳಿತಕ್ಕೊಳಗಾದವನೂ ಒಂದೇ ದೇಹದಲ್ಲಿ ಪ್ರತ್ಯಕ್ಷರಾಗುವುದು ಈ ಕೃತಿಯ ತಿರುಳು. ಎರಡೂ ಪರಂಪರೆಗಳಿಂದ ಹುಟ್ಟಿದ ನಾಡಿಗೆ ಯಾವುದೋ ಒಂದನ್ನು ತನ್ನದಲ್ಲವೆಂದು ಕಳಚಿಟ್ಟುಬಿಡಲು ಸಾಧ್ಯವಿಲ್ಲ ಎಂಬ ಸತ್ಯವನ್ನು, ಮಾತಿಲ್ಲದೆಯೇ ಈ ಏಕವ್ಯಕ್ತಿ ರೂಪ ಹೇಳಿಬಿಡುತ್ತದೆ. ಐವರು ನರ್ತಕರು ಬಂದಿದ್ದರೆ ಈ ಅರ್ಥ ಹೊಮ್ಮುತ್ತಿರಲಿಲ್ಲ.

1942ರ 'ಶಾಕೊನ್' ಇನ್ನೂ ಸರಳ. ಬಾಖ್ ಅವರ ಒಂಟಿ ಪಿಟೀಲಿನ ಪ್ರಸಿದ್ಧ ರಚನೆಗೆ ಹೆಣೆದ ಈ ನೃತ್ಯದಲ್ಲಿ ಪಾತ್ರಗಳೂ ಇಲ್ಲ. ಆದರೆ ಲಿಮೋನ್ ಅವರಿಗೆ ಇದೂ ತವರಿನ ವಿಷಯವೇ ಆಗಿತ್ತು. ಶಾಕೊನ್ ಎಂಬುದು ಸ್ಪೇನಿನ ಅಮೆರಿಕ ವಸಾಹತುಗಳಲ್ಲಿ ಹುಟ್ಟಿದ ಅಬ್ಬರದ ಜನಪದ ಕುಣಿತವಾಗಿದ್ದು, ಯುರೋಪಿಗೆ ಹೋಗಿ ಗಂಭೀರ ಸಂಗೀತವಾಯಿತು ಎಂಬ ಅಭಿಪ್ರಾಯವಿದೆ. ಲಿಮೋನ್ ಅದನ್ನು ಮತ್ತೆ ಕುಣಿತಕ್ಕೆ ಮರಳಿಸಿದರು.

1950ರಲ್ಲಿ, ಕಲಾವಿದ ಮಿಗೆಲ್ ಕೊವರುಬಿಯಾಸ್ ಅವರ ಆಹ್ವಾನದ ಮೇರೆಗೆ ಲಿಮೋನ್ ತಮ್ಮ ತಂಡದೊಡನೆ ಮೆಕ್ಸಿಕೊ ನಗರಕ್ಕೆ ಬಂದರು. ನಾಡು ಬಿಟ್ಟು 35 ವರ್ಷಗಳಾಗಿದ್ದವು. ಅಷ್ಟರಲ್ಲಿ ಅವರು ಅಮೆರಿಕದ ಪ್ರಜೆಯೂ ಆಗಿದ್ದರು. ಹುಟ್ಟಿದ ನೆಲದಲ್ಲೇ ಅತಿಥಿಯಾಗಿ ನಿಂತ ಅವರು, ಮರುವರ್ಷ ಅಲ್ಲಿನ ಕಲಾವಿದರಿಗಾಗಿ ಹೊಸ ಕೃತಿಗಳನ್ನು ಸಂಯೋಜಿಸಿದರು. ಆದರೆ ಅಲ್ಲಿಯೇ ನೆಲೆಸಲಿಲ್ಲ.

ಏಕವ್ಯಕ್ತಿ ನೃತ್ಯ ಕರ್ತೃವಿನ ದೇಹದೊಡನೆ ಅಳಿಯಬೇಕೆಂದಿಲ್ಲ. ಲಿಮೋನ್ 1972ರಲ್ಲಿ ತೀರಿಕೊಂಡರೂ 'ಶಾಕೊನ್' ಇತರ ನರ್ತಕರಿಗೆ ಹಸ್ತಾಂತರವಾಗಿ ಉಳಿದಿದೆ. ಇಂತಹ ಪ್ರದರ್ಶನಕ್ಕೆ ಹೋಗುವವರು ಕಥೆಗಾಗಿ ತಡಕಾಡಬೇಕಿಲ್ಲ. ನರ್ತಕನ ಭಾರ ಯಾವ ಪಾದದ ಮೇಲಿದೆ, ಉಸಿರು ಎಲ್ಲಿ ನಿಲ್ಲುತ್ತದೆ, ಬಿದ್ದ ದೇಹ ಹೇಗೆ ಏಳುತ್ತದೆ ಎಂಬುದನ್ನು ಗಮನಿಸಿದರೆ, ಅರ್ಥ ತಾನಾಗಿ ತೆರೆದುಕೊಳ್ಳುತ್ತದೆ.