ಹಾಡಿಗೆ ಜೊತೆ ಬೇಕು

ಕವಿತೆ ಬರೆಯುವವನಿಗೆ ಒಂದು ಲೇಖನಿ, ನಾಲ್ಕು ಹಾಳೆ, ಮನೆಯವರು ಮಲಗಿದ ಮೇಲಿನ ಒಂದು ಗಂಟೆ ಸಾಕು. ಹಾಡು ಬರೆಯುವವನಿಗೆ ಇಷ್ಟು ಸಾಲದು. ಅವನು ಬರೆದದ್ದು ಹಾಳೆಯ ಮೇಲೆ ಅರ್ಧವೇ ಆಗಿರುತ್ತದೆ. ಉಳಿದರ್ಧ ಇನ್ನೊಬ್ಬರ ಕೊರಳಲ್ಲಿ, ಮತ್ತೊಬ್ಬರ ಬೆರಳಲ್ಲಿ ಇರುತ್ತದೆ. ಆ ಇನ್ನೊಬ್ಬರನ್ನು ಹುಡುಕಿಕೊಳ್ಳುವುದು ಹೇಗೆಂಬ ವಿಚಾರವಾಗಿ ನನ್ನ ಅನುಭವದ ಕೆಲವು ಮಾತುಗಳನ್ನು ಕೇಳುಗರ ಮುಂದಿಡುತ್ತೇನೆ.

ನಾನು ಎಂ.ಎ. ಮುಗಿಸಿ ತಿಪಟೂರಿಗೆ ಅಧ್ಯಾಪಕನಾಗಿ ಹೋದದ್ದು 1984ರಲ್ಲಿ. ಆಗ ಭಾವಗೀತೆಯ ಗಾಳಿ ಬಲವಾಗಿ ಬೀಸುತ್ತಿತ್ತು. ಪಿ. ಕಾಳಿಂಗರಾಯರು ಕವಿಗಳ ಪದ್ಯಗಳನ್ನು ವೇದಿಕೆಗೆ ತಂದು ಹಾದಿ ಮಾಡಿದ್ದರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದು ಮನೆಮನೆಯನ್ನು ಮುಟ್ಟಿತ್ತು. ಸಿ. ಅಶ್ವತ್ಥರು ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯಲ್ಲಿ ನೌಕರಿ ಮಾಡುತ್ತಲೇ ಹಾಡು ಕಟ್ಟುತ್ತಿದ್ದರೆಂಬುದು ನನ್ನಂಥವನಿಗೆ ದೊಡ್ಡ ಧೈರ್ಯ. ನನ್ನ ಬಳಿ ಇಪ್ಪತ್ತು ಗೀತೆಗಳಿದ್ದವು. ಹಾಡುವವರು ಮಾತ್ರ ಇರಲಿಲ್ಲ.

ಸಣ್ಣ ಊರಿನಲ್ಲಿ ವಾದ್ಯಗಾರರು ‘ವಾದ್ಯಗಾರರು’ ಎಂಬ ಹೆಸರಿನಲ್ಲಿ ಸಿಕ್ಕುವುದಿಲ್ಲ. ನಮ್ಮ ತಬಲದವರು ಸಿಕ್ಕಿದ್ದು ಕೊಬ್ಬರಿ ಮಂಡಿಯಲ್ಲಿ; ಅಲ್ಲಿ ಅವರು ಗುಮಾಸ್ತರು. ಹರಾಜಿನ ದಿನ ಲೆಕ್ಕದ ಪುಸ್ತಕದ ಮೇಲೆ ಅವರ ಬೆರಳುಗಳು ಆಡುತ್ತಿದ್ದುದನ್ನು ಕಂಡು ಕೇಳಿದೆ. ಹಾರ್ಮೋನಿಯಂ ಸಿಕ್ಕಿದ್ದು ಎಂಟು ಮೈಲಿಯಾಚೆಯ ಹಳ್ಳಿಯಲ್ಲಿ. ತುಮಕೂರು ಸೀಮೆಯಲ್ಲಿ ಹಳ್ಳಿಹಳ್ಳಿಗೂ ‘ಕುರುಕ್ಷೇತ್ರ’ ಆಡಿಸುವ ಡ್ರಾಮಾ ಮೇಷ್ಟ್ರುಗಳಿರುತ್ತಾರೆ. ಗುಬ್ಬಿ ಕಂಪನಿ ಹುಟ್ಟಿದ ನೆಲವಲ್ಲವೆ! ಅಂಥ ಒಬ್ಬ ಮೇಷ್ಟ್ರು ಶನಿವಾರ ಸಂಜೆ ಪೆಟ್ಟಿಗೆ ಹೊತ್ತು ಬಸ್ಸಿನಲ್ಲಿ ಬರಲು ಒಪ್ಪಿದರು. ಹಾಡಲು ಬಂದವರು ಪ್ರಾಥಮಿಕ ಶಾಲೆಯ ಒಬ್ಬ ಉಪಾಧ್ಯಾಯಿನಿ. ಅವರ ತಂದೆಯವರೂ ಜೊತೆಗೆ ಬಂದು, ನಮ್ಮ ಅಭ್ಯಾಸ ಮುಗಿಯುವವರೆಗೆ ಜಗುಲಿಯ ಮೇಲೆ ವೃತ್ತಪತ್ರಿಕೆ ಓದುತ್ತ ಕುಳಿತಿರುತ್ತಿದ್ದರು.

ಮೊದಲ ದಿನವೇ ನನ್ನ ವಿದ್ವತ್ತಿಗೆ ಪೆಟ್ಟು ಬಿತ್ತು. ಭಾಮಿನಿಯ ನಡೆಯಲ್ಲಿ, ಎಂದರೆ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುವಂತೆ, ಒಂದು ಗೀತೆ ಬರೆದಿದ್ದೆ. ತಬಲದವರು ಛಂದಸ್ಸಿನ ಪುಸ್ತಕ ಮುಟ್ಟಿದವರಲ್ಲ. ನಾನು ಓದಿದೆ, ಅವರು ತೊಡೆಯ ಮೇಲೆ ತಟ್ಟಿದರು. “ಇದು ದಾದ್ರಾದ ಆರಕ್ಕೆ ಕೂರೋದಿಲ್ಲ ಸಾರ್, ಕೆಹರ್ವಾದ ಎಂಟಕ್ಕೂ ಕೂರೋದಿಲ್ಲ. ರೂಪಕದ ಏಳು ಕೇಳ್ತದೆ. ಆದರೆ ಮೂರನೇ ಸಾಲಲ್ಲಿ ಒಂದು ಕಡೆ ಎಂಟಾಯ್ತು” ಎಂದರು. ಎಣಿಸಿ ನೋಡಿದೆ, ಎಂಟೇ ಆಗಿತ್ತು. ಹಿಂದೂಸ್ತಾನಿಯ ರೂಪಕ ತಾಳ ಮೂರು, ಎರಡು, ಎರಡು ಎಂದು ಒಡೆಯುತ್ತದೆ. ನಮ್ಮ ಭಾಮಿನಿಯ ಮೂರು–ನಾಲ್ಕು ಅದರೊಳಗೆ ಅಳತೆಯ ಅಂಗಿಯಂತೆ ಕೂರುತ್ತದೆ. ವಾರ್ಧಕದ ಐದೈದು ಮಾತ್ರೆಗೆ ಹತ್ತರ ಝಪ್‌ತಾಳ ಹೊಂದುವುದೂ ಹೀಗೆಯೇ. ಇದನ್ನು ನನಗೆ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ.

ಎರಡನೆಯ ಪಾಠ ಗಾಯಕಿಯದು. ಪಲ್ಲವಿಯ ಕೊನೆಗೆ ನಾನು ‘ನಿಸ್ತಬ್ಧ’ ಎಂದು ಬರೆದು ಹೆಮ್ಮೆಪಟ್ಟಿದ್ದೆ. “ಇಲ್ಲಿ ದನಿ ನಿಲ್ಲಿಸೋಕೆ ಜಾಗವೇ ಇಲ್ಲವಲ್ಲ ಸಾರ್” ಎಂದರು ಆಕೆ. ನಿಜ, ಒತ್ತಕ್ಷರಗಳ ಮೇಲೆ ಉಸಿರು ಎಡವುತ್ತದೆ. ‘ಮೌನ’ ಎಂದು ತಿದ್ದಿದೆ. ಐದು ಮಾತ್ರೆ ಇದ್ದಲ್ಲಿ ಮೂರಾಯಿತು. ಕೊರತೆಬಿದ್ದ ಎರಡನ್ನು ಆಕೆ ‘ಮೌ’ ಎಂಬುದನ್ನು ಎಳೆದೇ ತುಂಬಿದರು. ಓದುವ ಪದ್ಯದಲ್ಲಿ ದೋಷವಾಗುವುದು ಹಾಡಿನಲ್ಲಿ ಅವಕಾಶವಾಗುತ್ತದೆ. ಈಗಿನ ಹುಡುಗರು ಫೋನಿನಲ್ಲಿ ಸಿದ್ಧ ವಾದ್ಯಗೋಷ್ಠಿಯನ್ನು ಹಾಕಿಕೊಂಡು ಹಾಡುತ್ತಾರೆ. ತಪ್ಪೇನಿಲ್ಲ, ಆದರೆ ‘ಇಲ್ಲಿ ಎಂಟಾಯಿತು’ ಎಂದು ಆ ಯಂತ್ರ ಹೇಳುವುದಿಲ್ಲ.

ರಾಮನವಮಿಯ ಚಪ್ಪರ, ಶಾಲಾ ವಾರ್ಷಿಕೋತ್ಸವ, ರಾಜ್ಯೋತ್ಸವ, ಮಹಿಳಾ ಸಮಾಜ: ಹೀಗೆ ಎರಡು ವರ್ಷ ಹಾಡಿದೆವು. ಸಂಭಾವನೆಯೆಂದರೆ ಹಾರ, ತೆಂಗಿನಕಾಯಿ, ಬಸ್ ಚಾರ್ಜು.

1986ರ ಗಣೇಶನ ಹಬ್ಬದಲ್ಲಿ ಒಂದು ಬೀದಿಯ ಪೆಂಡಾಲಿಗೆ ಕರೆದಿದ್ದರು. ಮೂರನೆಯ ಹಾಡಿನ ಹೊತ್ತಿಗೆ ಸಿನಿಮಾ ಹಾಡು ಕೇಳಿ ಚೀಟಿಗಳು ಬಂದವು. ಮೇಷ್ಟ್ರು ನನ್ನ ಕಡೆ ಬಾಗಿ, “ಒಂದು ನುಡಿಸಿಬಿಡೋಣ ಸ್ವಾಮಿ, ಆಮೇಲೆ ನಿಮ್ಮದು ಕೇಳ್ತಾರೆ” ಎಂದರು. ಗಾಯಕಿಗೂ ಮನಸ್ಸಿತ್ತು. ನಾನು ಮೈಕಿನ ಮುಂದೆ ಹೋಗಿ, ಇದು ಸಾಹಿತ್ಯದ ಕಾರ್ಯಕ್ರಮ, ರುಚಿಯಿಲ್ಲದವರು ಎದ್ದುಹೋಗಬಹುದು ಎಂದುಬಿಟ್ಟೆ. ಜನ ಎದ್ದೇ ಹೋದರು. ಕೊನೆಯ ಬಸ್ಸು ತಪ್ಪಿತ್ತು. ನಮ್ಮ ಮನೆಗೆ ಬನ್ನಿರೆಂದರೂ ಮೇಷ್ಟ್ರು ಬರಲಿಲ್ಲ. ಪೆಟ್ಟಿಗೆ ತಲೆಯ ಬಳಿ ಇಟ್ಟುಕೊಂಡು ಬಸ್ ನಿಲ್ದಾಣದಲ್ಲಿಯೇ ಮಲಗಿದರು.

ಮರು ಶನಿವಾರ ಅವರು ಬರಲಿಲ್ಲ. ಅದರಾಚೆಯದಕ್ಕೂ ಇಲ್ಲ. ಗಾಯಕಿಯ ತಂದೆಯವರು ಮಗಳ ಮದುವೆಯ ಮಾತುಕತೆ ನಡೆದಿದೆಯೆಂದು ಹೇಳಿ ಕಳುಹಿಸಿದರು. ಕೊನೆಗೆ ನಾನೇ ಮೇಷ್ಟ್ರ ಹಳ್ಳಿಗೆ ಹೋದೆ. ದೇವಸ್ಥಾನದ ಅಂಗಳದಲ್ಲಿ ಲಾಟೀನಿನ ಬೆಳಕಿನಲ್ಲಿ ನಾಟಕದ ಅಭ್ಯಾಸ ನಡೆದಿತ್ತು. ಕೃಷ್ಣನ ಪಾತ್ರದ ಹುಡುಗ ಹಾಡುತ್ತಿದ್ದ. ಏಳು ಮಾತ್ರೆಯ ಅದೇ ನಡೆ, ಪಲ್ಲವಿಯ ಕೊನೆಯಲ್ಲಿ ಅದೇ ಎಳೆತ. ಮಾತುಗಳು ಮಾತ್ರ ನನ್ನವಲ್ಲ. ಮೇಷ್ಟ್ರು ನನ್ನನ್ನು ಕಂಡು, ಕೈ ಬಿಡದೆ ನುಡಿಸುತ್ತಲೇ, ಪಕ್ಕದ ಚಾಪೆಯನ್ನು ಕಣ್ಣಿನಲ್ಲೇ ತೋರಿಸಿದರು. ಕುಳಿತೆ. ಹುಡುಗ ಮೂರನೆಯ ಸಾಲಿನಲ್ಲಿ ತಪ್ಪಿದ. “ಎಂಟಾಯ್ತು ಕಣೋ” ಎಂದೆ. ಮೇಷ್ಟ್ರು ನಕ್ಕು, ಮೊದಲಿನಿಂದ ಎತ್ತಿಕೊಂಡರು.