ತಲೆಯಾಡಿಸಿದರೆ ಹೌದೋ, ಅಲ್ಲವೋ?

ನಮ್ಮ ಮಾವನವರು ತುಮಕೂರಿನಿಂದ ಅಮೇರಿಕಕ್ಕೆ ಬಂದಿದ್ದಾಗ ಒಂದು ರಾತ್ರಿ ವಿಪರೀತ ಹೊಟ್ಟೆನೋವು. ಎಮರ್ಜೆನ್ಸಿಗೆ ಕರೆದುಕೊಂಡು ಹೋದೆವು. ನಾವು ಕಾರ್ ಪಾರ್ಕ್ ಮಾಡಿ, ಇನ್ಶೂರೆನ್ಸ್ ಕಾಗದಗಳನ್ನು ತುಂಬಿ ಒಳಗೆ ಹೋಗುವಷ್ಟರಲ್ಲಿ ನರ್ಸ್ ಅವರನ್ನು ವಿಚಾರಿಸಿ ಆಗಿತ್ತು. ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ಕೇಳಿದ್ದಕ್ಕೆ ಮಾವನವರು ನಗುತ್ತಾ "ಟೂ" ಎಂದಿದ್ದರು. ಪಕ್ಕೆಯ ಕೆಳಗೆ ಒತ್ತಿ "ಇಲ್ಲಿ ನೋವಿದೆಯೇ" ಎಂದಾಗ ತಲೆಯನ್ನು ಆ ಕಡೆ ಈ ಕಡೆ ವಾಲಿಸಿದ್ದರು. ಆಕೆ "ಇಲ್ಲ" ಎಂದು ಬರೆದುಕೊಂಡರು. ಐದು ಗಂಟೆ ಕಾದ ಮೇಲೆ ಸ್ಕ್ಯಾನ್ ಮಾಡಿದರೆ ಪಿತ್ತಕೋಶದಲ್ಲಿ ಕಲ್ಲು, ಜೊತೆಗೆ ಸೋಂಕು! ಬೆಳಗಿನ ಜಾವ ಆಪರೇಷನ್ ಆಯಿತು.

"ಏನು ಮಾವ, ಅಷ್ಟು ನೋವಿಟ್ಟುಕೊಂಡು ಎರಡು ಅಂದ್ರಲ್ಲಾ?" ಎಂದು ಆಮೇಲೆ ಕೇಳಿದೆವು. "ಗುರುತಿಲ್ಲದ ಹೆಣ್ಣುಮಗಳ ಮುಂದೆ ಅಯ್ಯೋ ಅಮ್ಮಾ ಅಂತ ಕೂಗಾಡೋಕಾಗುತ್ತಾ ಅಳಿಯಂದ್ರೇ?" ಎಂದರು.

ಆ ರಾತ್ರಿ ನರ್ಸ್ ಮೇಲೆ ನಮಗೆ ಬಹಳ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ, ಅವರಿಬ್ಬರೂ ಬೇರೆ ಬೇರೆ ಪ್ರೋಟೋಕಾಲ್‌ನಲ್ಲಿ ಮಾತನಾಡುತ್ತಿದ್ದರು ಅಷ್ಟೆ. (ಸಾಫ್ಟ್‌ವೇರ್ ಮಂದಿಗೆ ಎಲ್ಲ ಕಡೆಯೂ ಅದೇ ಕಾಣುತ್ತದೆ, ಕ್ಷಮಿಸಿ.)

ಮುಖಭಾವಗಳು ಮನುಷ್ಯರೆಲ್ಲರಿಗೂ ಒಂದೇ ಎಂದು ಡಾರ್ವಿನ್ 1872ರಷ್ಟು ಹಿಂದೆಯೇ ವಾದಿಸಿದ್ದ. ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ 1960ರ ದಶಕದ ಕೊನೆಯಲ್ಲಿ ಪಾಪುವಾ ನ್ಯೂಗಿನಿಯ ಫೋರೆ ಜನರಿಗೆ ಫೋಟೋಗಳನ್ನು ತೋರಿಸಿ ಅದನ್ನು ಪರೀಕ್ಷಿಸಿದರು. ಈ ವಾದವನ್ನು ಎಲ್ಲ ವಿಜ್ಞಾನಿಗಳೂ ಒಪ್ಪುವುದಿಲ್ಲ. ಆದರೆ ನಮಗೆ ಹೆಚ್ಚು ಉಪಯುಕ್ತವಾದದ್ದು ಎಕ್ಮನ್ ಮತ್ತು ಫ್ರೀಸನ್ 1969ರಲ್ಲಿ ಹೇಳಿದ ಇನ್ನೊಂದು ಮಾತು: ಯಾವ ಭಾವನೆಯನ್ನು ಯಾರ ಮುಂದೆ ಎಷ್ಟು ತೋರಿಸಬೇಕು ಎಂಬ ನಿಯಮವನ್ನು ಸಂಸ್ಕೃತಿ ಕಲಿಸುತ್ತದೆ. ಘೋರ ದೃಶ್ಯಗಳಿದ್ದ ಸಿನಿಮಾ ನೋಡುವಾಗ, ಒಬ್ಬರೇ ಇದ್ದರೆ ಜಪಾನೀ ಮತ್ತು ಅಮೇರಿಕನ್ ವಿದ್ಯಾರ್ಥಿಗಳ ಮುಖಗಳು ಒಂದೇ ರೀತಿ ಕಿವುಚಿದವು. ಸಂಶೋಧಕರು ಎದುರಿಗೆ ಕುಳಿತಾಗ ಜಪಾನೀಯರು ನಗುವಿನಿಂದ ಅದನ್ನು ಮುಚ್ಚಿಕೊಂಡದ್ದು ಹೆಚ್ಚು. ನಮ್ಮ ಮಾವನವರ ನಗು ಆ ಜಾತಿಯದೇ.

ನೋವಿನ ಬಗ್ಗೆಯೇ ಮಾರ್ಕ್ ಝ್ಬೊರೊವ್‌ಸ್ಕಿ ಎಂಬುವರು 1952ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರ ರೋಗಿಗಳ ಅಧ್ಯಯನ ಪ್ರಕಟಿಸಿದ್ದರು. ಇಟಾಲಿಯನ್ ಮತ್ತು ಯೆಹೂದಿ ಮೂಲದವರು ನೋವನ್ನು ಬಾಯಿಬಿಟ್ಟು ಹೇಳಿಕೊಂಡರೆ, ಹಲವು ತಲೆಮಾರುಗಳಿಂದ ಅಮೇರಿಕದಲ್ಲಿದ್ದವರು ವರದಿ ಒಪ್ಪಿಸುವಂತೆ ಶಾಂತವಾಗಿ ಹೇಳುತ್ತಿದ್ದರು. ಇಂಥ ಅಧ್ಯಯನ ಓದಿ "ಇಂಥ ಜನ ಹೀಗೇ" ಎಂದು ಹಣೆಪಟ್ಟಿ ಹಚ್ಚುವುದೂ ಅಪಾಯವೇ. ನಮ್ಮಲ್ಲೇ ಮುಳ್ಳು ಚುಚ್ಚಿದರೆ ಬೀದಿಗೆಲ್ಲ ಕೇಳಿಸುವಂತೆ ಕೂಗುವವರಿಲ್ಲವೇ?

ಇನ್ನು ತಲೆಯ ವಿಷಯ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ತಲೆಯ ಚಲನೆಗೇ 13 ಬಗೆಗಳಿವೆ, ನೋಟಕ್ಕೆ 36. ಆಸ್ಪತ್ರೆಯ ಫಾರಂನಲ್ಲಿ ಇರುವುದು ಎರಡೇ ಚೌಕ! ನಾವು ತಲೆ ವಾಲಿಸಿದರೆ ಹೌದು, ಆಗಲಿ, ಕೇಳಿಸಿಕೊಳ್ಳುತ್ತಿದ್ದೇನೆ, ಹೇಳಿ ಎಂದೆಲ್ಲ ಅರ್ಥ. ಇಲ್ಲಿಯವರಿಗೆ ಅದು "ನೋ" ಎಂದೋ, "ಗೊತ್ತಿಲ್ಲ" ಎಂದೋ ಕಾಣುತ್ತದೆ. ಇದಕ್ಕಿಂತ ಮೋಸದ್ದು ನಮ್ಮ "ಊಹೂಂ". ಇಲ್ಲಿಯವರ ಕಿವಿಗೆ ಅದು ಅವರದೇ "ಅಹಃ" ಎಂಬ ಒಪ್ಪಿಗೆಯಂತೆ ಕೇಳಿಸಬಹುದು. "ಈ ಮಾತ್ರೆ ತಗೊಂಡಿದ್ದೀರಾ?" ಎಂಬ ಪ್ರಶ್ನೆಗೆ ಫೋನಿನಲ್ಲಿ "ಊಹೂಂ" ಎಂದರೆ ಏನಾದೀತು, ಯೋಚಿಸಿ. ಹಿರಿಯರ, ಡಾಕ್ಟರರ ಮುಂದೆ ಕಣ್ಣು ತಗ್ಗಿಸುವುದು ನಮಗೆ ಮರ್ಯಾದೆ. ಇಲ್ಲಿ ಅದು ಏನನ್ನೋ ಮುಚ್ಚಿಡುವಂತೆ ಕಾಣಬಹುದು.

ಊರಿನಿಂದ ಅಪ್ಪ ಅಮ್ಮಂದಿರು ಬಂದಾಗ ಮನೆಯಲ್ಲೇ ಸ್ವಲ್ಪ ಅಭ್ಯಾಸ ಮಾಡಿಸಬಹುದು. "ಯೆಸ್", "ನೋ" ಬಾಯಲ್ಲೇ ಹೇಳಲಿ. "ಪರವಾಗಿಲ್ಲ" ಎಂಬುದನ್ನು ಡಾಕ್ಟರ ಮುಂದೆ ಮರೆಯಲಿ. ಅಂಕಿಯ ಬದಲು "ರಾತ್ರಿ ನಿದ್ದೆ ಬಂತಾ, ಊಟ ಸೇರಿತಾ, ಮೆಟ್ಟಿಲು ಹತ್ತೋಕಾಯ್ತಾ" ಎಂದು ನಾವೇ ಕೇಳಿ ಡಾಕ್ಟರಿಗೆ ತಿಳಿಸಿದರೆ ಇನ್ನೂ ಒಳ್ಳೆಯದು. ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಸರಿಯಾಗಿ ಬಾರದವರಿಗೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು. ಫೋನಿನ ಮೂಲಕವಾದರೂ ಸರಿ, ಕನ್ನಡವೇ ಬೇಕು ಎಂದು ಕೇಳಲು ಸಂಕೋಚ ಬೇಡ. ಮಕ್ಕಳ ಎದುರು ಹೇಳಲಾಗದ ಎಷ್ಟೋ ವಿಷಯಗಳು ಹಿರಿಯರಿಗೆ ಇರುತ್ತವೆ.

ಮಾವನವರು ಕಳೆದ ಬೇಸಿಗೆಯಲ್ಲಿ ಮತ್ತೆ ಬಂದಿದ್ದರು. ಮಂಡಿನೋವು ಎಷ್ಟು ಎಂದು ಡಾಕ್ಟರ್ ಕೇಳಿದಾಗ ನಮ್ಮ ಕಡೆ ಒಮ್ಮೆ ನೋಡಿ, ಗಟ್ಟಿಯಾಗಿ "ಸಿಕ್ಸ್" ಎಂದರು. ಎಂಟು ಇತ್ತಂತೆ, ಕಾರಿನಲ್ಲಿ ಹೇಳಿದರು.